ಮೊದಲು ನೀರು ನೋಡಿ, ಆಮೇಲೆ ಫ್ಲೈ ಕಟ್ಟಿ: ಹಿಮಾಲಯದ ಟ್ರೌಟ್ ಹೊಳೆಗಳಿಗೆ ಒಂದು ಮಾರ್ಗದರ್ಶಿ

ಟ್ರೌಟ್ ಮೀನು ಹಿಡಿಯಲು ಬೆಂಗಳೂರಿನಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಮೊದಲ ಸಲ ಹೊರಟವರ ಬ್ಯಾಗಿನಲ್ಲಿ ಒಂದು ಡಬ್ಬಿ ಇದ್ದೇ ಇರುತ್ತದೆ. ಆನ್‌ಲೈನಿನಲ್ಲಿ ತರಿಸಿದ ನೂರು ಫ್ಲೈಗಳ ಸೆಟ್ಟು. ಕೆಂಪು, ಹಳದಿ, ಹಸಿರು, ಮಿಂಚು ಹಚ್ಚಿದ್ದು, ಬಾಲ ಇದ್ದದ್ದು, ರೆಕ್ಕೆ ಇದ್ದದ್ದು. ಹೊಳೆ ದಡದಲ್ಲಿ ಡಬ್ಬಿ ತೆರೆದ ಮೇಲೆ ತಲೆನೋವು ಶುರು. ಇದರಲ್ಲಿ ಯಾವುದನ್ನು ಕಟ್ಟಬೇಕು? ಹತ್ತು ನಿಮಿಷಕ್ಕೊಂದು ಬದಲಾಯಿಸುತ್ತಾ ಕೂತರೆ ಸಂಜೆಯಾಗುತ್ತದೆ. ಫ್ಲೈ ನೀರಿನಲ್ಲಿ ಇದ್ದದ್ದಕ್ಕಿಂತ ಕೈಯಲ್ಲಿ ಇದ್ದದ್ದೇ ಜಾಸ್ತಿ.

ನಾನು ಹೇಳುವ ಕ್ರಮ ಇಷ್ಟೇ: ಮೊದಲು ಆಳ, ಆಮೇಲೆ ಗಾತ್ರ, ಆಮೇಲೆ ಆಕಾರ. ಬಣ್ಣ ಕೊನೆಗೆ. ಅಂಗಡಿಯವರು ಮಾರುವುದು ಬಣ್ಣವನ್ನು. ಮೀನು ಮೊದಲು ಕೇಳುವುದು ಅದನ್ನಲ್ಲ. ಈ ಕ್ರಮ ತಲೆಯಲ್ಲಿದ್ದರೆ ಎಂಟು ಹತ್ತು ನಮೂನೆಯ ಫ್ಲೈಗಳಲ್ಲಿ ಇಡೀ ಸೀಸನ್ ಕಳೆಯಬಹುದು.

ಹೊಸಬರಿಗಾಗಿ ಎರಡು ಮಾತು. ಫ್ಲೈ ಅಂದರೆ ಕೊಕ್ಕೆಗೆ ಗರಿ, ತುಪ್ಪಳ, ದಾರ ಸುತ್ತಿ ಹುಳದ ಹಾಗೆ ಮಾಡಿದ ಸುಳ್ಳು ಆಹಾರ. ಮುಖ್ಯವಾಗಿ ಮೂರು ಜಾತಿ. ನೀರಿನ ಮೇಲೆ ತೇಲುವುದು ಡ್ರೈ ಫ್ಲೈ. ನೀರಿನೊಳಗಿನ ಮರಿಹುಳದ ಹಾಗೆ ಕಾಣುವುದು ನಿಂಫ್. ಸಣ್ಣ ಮೀನಿನ ಹಾಗೆ ಎಳೆಯುವುದು ಸ್ಟ್ರೀಮರ್. ಕೊಕ್ಕೆಯ ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. 10 ದಪ್ಪ, 14 ಮಧ್ಯಮ, 18 ಪುಟಾಣಿ.

ಹೊಳೆ, ಸೀಸನ್, ಲೈಸೆನ್ಸು

ಬ್ರೌನ್ ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರು ಮೊದಲು ಕಾಶ್ಮೀರಕ್ಕೆ ಮೊಟ್ಟೆ ತರಿಸಿದರು. 1909ರಲ್ಲಿ ಅಲ್ಲಿಂದ ಕುಲ್ಲು ಕಡೆಗೆ ಬಂತು. ಇವತ್ತು ತೀರ್ಥನ್, ಸೈಂಜ್, ಬಿಯಾಸ್‌ನ ಮೇಲಿನ ಭಾಗಗಳಲ್ಲಿ ಅದು ತಾನೇ ಮರಿ ಮಾಡಿಕೊಂಡು ಬೆಳೆಯುತ್ತಿದೆ. ಹಿಮಾಚಲದಲ್ಲಿ ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಉಳಿದ ತಿಂಗಳುಗಳಲ್ಲಿ ಮೀನುಗಾರಿಕೆ ಇಲಾಖೆಯ ಲೈಸೆನ್ಸು ಬೇಕು. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಪಕ್ಕದಲ್ಲೇ ಇದೆ. ಅದರ ಗಡಿಯೊಳಗಿನ ನಿಯಮ ಬೇರೆ. ಆದ್ದರಿಂದ ಲೈಸೆನ್ಸು ತೆಗೆದುಕೊಳ್ಳುವಾಗಲೇ ಎಲ್ಲಿಂದ ಎಲ್ಲಿಯವರೆಗೆ ಗಾಳ ಹಾಕಬಹುದು ಅಂತ ಕೇಳಿಬಿಡಿ.

ಮುಂದಿನ ಮಾತೆಲ್ಲ ತೀರ್ಥನ್ ಹೊಳೆಯನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು. ಕಾಶ್ಮೀರದ ಲಿದ್ದರ್, ಸಿಂಧ್ ಹೊಳೆಗಳಿಗೂ ಹೆಚ್ಚುಕಮ್ಮಿ ಹೊಂದುತ್ತದೆ.

ಹಂತ 1: ರಾಡ್ ಜೋಡಿಸುವ ಮೊದಲು ಹತ್ತು ನಿಮಿಷ ಸುಮ್ನೆ ನಿಲ್ಲಿ

ನೀರಿನ ಬಣ್ಣ ನೋಡಿ. ಮೊಣಕಾಲುದ್ದದ ನೀರಿನಲ್ಲಿ ಕಲ್ಲಿನ ಗೆರೆಗಳು ಸ್ಪಷ್ಟವಾಗಿ ಕಂಡರೆ ತಿಳಿ ನೀರು. ಕಲ್ಲು ಇದೆ ಅಂತಷ್ಟೇ ಗೊತ್ತಾಗಿ ಗೆರೆ ಕಾಣದಿದ್ದರೆ ಅರೆ ಬಗ್ಗಡ. ಏನೂ ಕಾಣದಿದ್ದರೆ ಆ ಜಾಗ ಬಿಡಿ, ಮೇಲಿನ ಯಾವುದಾದರೂ ಉಪಹಳ್ಳ ನೋಡಿ.

ಒಂದು ಸಣ್ಣ ಥರ್ಮಾಮೀಟರ್ ಜೇಬಿನಲ್ಲಿರಲಿ. ಟ್ರೌಟ್ ಚೆನ್ನಾಗಿ ತಿನ್ನುವುದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. 5 ಡಿಗ್ರಿಗಿಂತ ಕೆಳಗೆ ಅದು ತಳ ಬಿಟ್ಟು ಏಳುವುದೇ ಕಡಿಮೆ. ಬಾಯಿ ಹತ್ತಿರ ಬಂದರೆ ಮಾತ್ರ ತಿನ್ನುತ್ತದೆ. 20 ದಾಟಿದರೆ ಹಿಡಿಯಲೇಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಹಿಡಿದು ಬಿಟ್ಟ ಮೀನು ಚೇತರಿಸಿಕೊಳ್ಳದೆ ಸಾಯಬಹುದು. ಈ ಒಂದು ಅಂಕಿ ನಿಮ್ಮ ಅರ್ಧ ಡಬ್ಬಿಯನ್ನು ಮುಚ್ಚಿಬಿಡುತ್ತದೆ. ತಣ್ಣಗಿದ್ದರೆ ನಿಂಫ್, ತಳದಲ್ಲಿ. ಹದವಾಗಿದ್ದರೆ ಮೂರೂ ಆಗುತ್ತದೆ.

ಹಂತ 2: ಕಲ್ಲು ತಿರುಗಿಸಿ

ಕಲ್ಲುಗಳ ಮೇಲೆ ಸದ್ದು ಮಾಡಿಕೊಂಡು ಹರಿಯುವ ತೆಳು ನೀರಿಗೆ ಇಳಿಯಿರಿ. ಅಂಗೈ ಅಗಲದ ಕಲ್ಲೊಂದನ್ನು ಎತ್ತಿ ತಿರುಗಿಸಿ. ಅಡಿಭಾಗದಲ್ಲಿ ಏನೋ ಹರಿದಾಡುತ್ತದೆ. ಚಪ್ಪಟೆ ಮೈ, ಅಗಲ ತಲೆ, ಹಿಂದೆ ಕೂದಲಿನಂಥ ಬಾಲಗಳು, ಹೊಟ್ಟೆಯ ಅಂಚಿನಲ್ಲಿ ಅಲುಗಾಡುವ ಕಿವಿರು: ಇದು ಮೇಫ್ಲೈ ಮರಿ. ಬಾಲ ಸಾಮಾನ್ಯವಾಗಿ ಮೂರು. ಕೆಲವು ಜಾತಿಗಳಲ್ಲಿ ಎರಡೇ ಇರುತ್ತವೆ, ಅದಕ್ಕೇ ಕಿವಿರು ನೋಡಿ ಅಂದದ್ದು. ಎರಡು ದಪ್ಪ ಬಾಲ, ಉದ್ದ ಮೀಸೆ, ಹೊಟ್ಟೆಯ ಅಂಚಿನಲ್ಲಿ ಕಿವಿರಿಲ್ಲ, ನಡಿಗೆ ನಿಧಾನ ಅಂದರೆ ಸ್ಟೋನ್‌ಫ್ಲೈ. ಮರಳು, ಕಲ್ಲುಚೂರು ಅಂಟಿಸಿ ಕಟ್ಟಿಕೊಂಡ ಸಣ್ಣ ಕೊಳವೆ ಕಲ್ಲಿಗೆ ಹತ್ತಿಕೊಂಡಿದ್ದರೆ ಒಳಗೆ ಕ್ಯಾಡಿಸ್ ಹುಳ ಇದೆ.

ಹೆಸರು ಹೇಳಲು ಬರದಿದ್ದರೂ ಪರವಾಗಿಲ್ಲ. ಡಬ್ಬಿಯಿಂದ ಒಂದು ನಿಂಫ್ ತೆಗೆದು ಹುಳದ ಪಕ್ಕದಲ್ಲಿ ಹಿಡಿಯಿರಿ. ಉದ್ದ ಒಂದೇ ಇದೆಯಾ? ಬಣ್ಣ ತಿಳಿಯೋ, ಗಾಢವೋ? ನಾಲ್ಕೈದು ಕಲ್ಲು ನೋಡಿದರೆ ಯಾವ ಗಾತ್ರದ್ದು ಜಾಸ್ತಿ ಇದೆ ಅಂತ ತಿಳಿಯುತ್ತದೆ. ಕಣ್ಣಿಗೆ ಬಿದ್ದ ಅತಿ ದೊಡ್ಡ ಹುಳಕ್ಕೆ ಹೊಂದಿಸಬೇಡಿ, ಹೆಚ್ಚು ಸಂಖ್ಯೆಯಲ್ಲಿ ಇರುವುದಕ್ಕೆ ಹೊಂದಿಸಿ. ಆಮೇಲೆ ಕಲ್ಲನ್ನು ಇದ್ದ ಹಾಗೇ ವಾಪಸ್ ಇಡಿ. ಅದು ಅವುಗಳ ಮನೆ, ಅಲ್ವಾ?

ದಡದ ಕಲ್ಲುಗಳ ಮೇಲೆ ಒಣಗಿದ ಪೊರೆ ಸಿಕ್ಕರೆ ಅದು ಸಾಮಾನ್ಯವಾಗಿ ಸ್ಟೋನ್‌ಫ್ಲೈದು. ಅವು ನೀರಿನಿಂದ ತೆವಳಿ ಬಂದು ಕಲ್ಲಿನ ಮೇಲೆ ಪೊರೆ ಬಿಟ್ಟು ಹಾರುತ್ತವೆ. ಜೇಡರ ಬಲೆಗಳನ್ನೂ ನೋಡಿ. ನಿನ್ನೆ ಸಂಜೆ ಹೊಳೆಯ ಮೇಲೆ ಏನು ಹಾರಿತ್ತು ಅಂತ ಬಲೆ ಹೇಳುತ್ತದೆ.

ಹಂತ 3: ಆಳ ಸರಿ ಮಾಡಿ, ಫ್ಲೈ ಬದಲಾಯಿಸುವುದು ಆಮೇಲೆ

ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರಿನೊಳಗೇ ಮುಗಿಸುತ್ತದೆ. ತಳದ ಹತ್ತಿರ ಸೆಳವು ಕಡಿಮೆ. ಅಲ್ಲಿ ನಿಂತರೆ ಮೀನಿಗೆ ಶ್ರಮವಿಲ್ಲ, ಆಹಾರ ತಾನಾಗಿ ತೇಲಿ ಬರುತ್ತದೆ. ನಿಮ್ಮ ನಿಂಫ್ ಅದರ ತಲೆಯಿಂದ ಎರಡಡಿ ಮೇಲೆ ಹೋದರೆ ಎಷ್ಟು ಚೆಂದದ ಫ್ಲೈ ಆದರೂ ವ್ಯರ್ಥ.

ಇಂಡಿಕೇಟರ್ (ಮೀನು ಕಚ್ಚಿದ್ದು ತಿಳಿಯಲು ದಾರಕ್ಕೆ ಕಟ್ಟುವ ತೇಲುಬುರುಡೆ) ಕಟ್ಟುವವರು ಅದರಿಂದ ಫ್ಲೈವರೆಗೆ ನೀರಿನ ಆಳದ ಒಂದೂವರೆ ಪಟ್ಟು ದಾರ ಬಿಡಿ. ಎರಡಡಿ ನೀರಿಗೆ ಮೂರಡಿ. ನಂತರ ಇಂಡಿಕೇಟರ್ ಏನು ಮಾಡುತ್ತದೆ ನೋಡಿ. ನಾಲ್ಕೈದು ಸಲ ಹಾಕಿದಾಗ ಒಂದೆರಡು ಸಲ ಫ್ಲೈ ತಳಕ್ಕೆ ತಾಗಿ ಇಂಡಿಕೇಟರ್ ಕ್ಷಣ ತಡೆದು ಮುಂದೆ ಹೋದರೆ ಆಳ ಸರಿ ಇದೆ. ಪ್ರತಿ ಸಲವೂ ಕಲ್ಲಿಗೆ ಸಿಕ್ಕಿಕೊಂಡರೆ ಅರ್ಧ ಅಡಿ ಕಡಿಮೆ ಮಾಡಿ, ಅಥವಾ ಹಗುರದ ಫ್ಲೈ ಕಟ್ಟಿ. ಒಮ್ಮೆಯೂ ತಾಗದಿದ್ದರೆ ಇನ್ನೂ ಭಾರ ಬೇಕು.

ಭಾರ ಬರುವುದು ತಲೆಯ ಮಣಿಯಿಂದ. ಹಿತ್ತಾಳೆ ಮಣಿ, ಟಂಗ್‌ಸ್ಟನ್ ಮಣಿ ಎರಡೂ ಸಿಗುತ್ತವೆ. ಒಂದೇ ಗಾತ್ರದಲ್ಲಿ ಟಂಗ್‌ಸ್ಟನ್ ತೂಕ ಹಿತ್ತಾಳೆಯ ಎರಡು ಪಟ್ಟಿಗಿಂತ ಜಾಸ್ತಿ. ತೀರ್ಥನ್‌ನಂಥ ಇಳಿಜಾರಿನ ಹೊಳೆಯಲ್ಲಿ ನನ್ನ ಆಯ್ಕೆ ಟಂಗ್‌ಸ್ಟನ್ನೇ. ಬೆಲೆ ಜಾಸ್ತಿ, ಒಪ್ಪಿದೆ. ಆದರೆ ಸೆಳವಿನಲ್ಲಿ ಫ್ಲೈ ತಳ ಮುಟ್ಟಲು ಸಿಗುವುದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಮುಟ್ಟದಿದ್ದರೆ ಮುಟ್ಟಲೇ ಇಲ್ಲ ಅಂತ ಲೆಕ್ಕ. ಹಾಗಾಗಿ ಒಂದೇ ನಮೂನೆಯ ನಿಂಫನ್ನು ಹಗುರ, ಮಧ್ಯಮ, ಭಾರ ಹೀಗೆ ಮೂರು ತೂಕದಲ್ಲಿ ಇಟ್ಟುಕೊಳ್ಳಿ. ಹತ್ತು ನಮೂನೆಯನ್ನು ಒಂದೇ ತೂಕದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ನಮೂನೆ ಯಾವುದು? ಫೆಸೆಂಟ್ ಟೇಲ್, ಹೇರ್ಸ್ ಇಯರ್. ಇವೆರಡರಲ್ಲೇ ಮುಕ್ಕಾಲು ಕೆಲಸ ಆಗುತ್ತದೆ. ಫೆಸೆಂಟ್ ಟೇಲ್‌ನ ಹಿಂದೆ ಒಂದು ಒಳ್ಳೆಯ ಗಮನಿಕೆ ಇದೆ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ಅದನ್ನು ಮಾಡಿದ್ದು ಫೆಸೆಂಟ್ ಹಕ್ಕಿಯ ಬಾಲದ ಗರಿ ಮತ್ತು ತಾಮ್ರದ ತಂತಿ, ಇವೆರಡರಿಂದಲೇ. ದಾರ ಕೂಡ ಇಲ್ಲ. ಕಾಲುಗಳನ್ನೂ ಇಡಲಿಲ್ಲ, ಯಾಕೆಂದರೆ ಈಜುವಾಗ ಆ ಮರಿಹುಳ ಕಾಲುಗಳನ್ನು ಮೈಗೆ ಒತ್ತಿಕೊಳ್ಳುತ್ತದೆ ಅಂತ ಅವರು ನೋಡಿದ್ದರು. ತಂತಿಯಿಂದ ಭಾರ, ಗರಿಯಿಂದ ಆಕಾರ, ಇಷ್ಟೇ ಸಾಕಾಯಿತು. ತೆಳು ಮೈಯ ಹುಳ ಕಂಡಲ್ಲಿ ಇದನ್ನು ಕಟ್ಟಿ. ಕಲ್ಲಿನಡಿ ದಪ್ಪ, ಮಾಸಲು ಕಂದು ಹುಳಗಳೇ ಜಾಸ್ತಿ ಇದ್ದರೆ ಹೇರ್ಸ್ ಇಯರ್. ಅದರ ತುಪ್ಪಳ ಕೆದರಿಕೊಂಡಿರುತ್ತದೆ, ನೀರಿನಲ್ಲಿ ಜೀವ ಇದ್ದ ಹಾಗೆ ಅಲುಗುತ್ತದೆ.

ಹಂತ 4: ಮೀನು ಮೇಲೆ ಬಂದರೆ, ಹೇಗೆ ಬಂತು ಅಂತ ನೋಡಿ

ನೀರಿನ ಮೇಲೆ ಉಂಗುರ ಎದ್ದ ತಕ್ಷಣ ಡ್ರೈ ಫ್ಲೈಗೆ ಕೈ ಹಾಕುವುದು ಎಲ್ಲರ ಅಭ್ಯಾಸ. ಸ್ವಲ್ಪ ತಡೆಯಿರಿ. ಮೂತಿ ಮೇಲೆ ಬಂದು, ಉಂಗುರದ ನಡುವೆ ಒಂದು ಗುಳ್ಳೆ ಉಳಿದರೆ ಮೀನು ಮೇಲೆ ತೇಲುತ್ತಿದ್ದ ಹುಳವನ್ನೇ ತಿಂದಿದೆ. ಜೊತೆಗೆ ಗಾಳಿಯನ್ನೂ ನುಂಗಿ ಬಿಟ್ಟಿರುವುದರಿಂದ ಆ ಗುಳ್ಳೆ. ಮೂತಿ ಕಾಣದೆ ಬೆನ್ನು, ಬಾಲ ಮಾತ್ರ ಹೊರಳಿದರೆ ಅದು ತಿನ್ನುತ್ತಿರುವುದು ಮೇಲ್ಮೈಯ ಒಂದೆರಡು ಇಂಚು ಕೆಳಗೆ. ಅಂಥಲ್ಲಿ ಡ್ರೈ ಫ್ಲೈ ಎಷ್ಟು ಹಾಕಿದರೂ ಅದು ಮೂಸುವುದಿಲ್ಲ. ಮಣಿ ಇಲ್ಲದ ಫೆಸೆಂಟ್ ಟೇಲ್ ಕಟ್ಟಿ, ಭಾರ ಇಲ್ಲದೆ ತೇಲಿಸಿ. ಮೀನು ಛಳ್ ಅಂತ ನೀರು ಚಿಮ್ಮಿಸಿ ಎದ್ದರೆ ಸಾಮಾನ್ಯವಾಗಿ ಅದು ಕ್ಯಾಡಿಸ್ ಬೆನ್ನಟ್ಟಿದೆ. ಎಲ್ಕ್ ಹೇರ್ ಕ್ಯಾಡಿಸ್ 14 ಅಥವಾ 16 ಕಟ್ಟಿ.

ಉಳಿದ ಹೊತ್ತಿಗೆ ಪ್ಯಾರಾಶೂಟ್ ಆಡಮ್ಸ್. ಮೂಲ ಆಡಮ್ಸ್ ಅನ್ನು 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ ಎಂಬವರು ಕಟ್ಟಿದರು. ಅದು ಯಾವ ಒಂದು ಹುಳವನ್ನೂ ಹೋಲುವುದಿಲ್ಲ. ಬೂದು ಮೈ, ಕಂದು-ಬೂದು ಗರಿ. ಹಾಗಾಗಿಯೇ ಹತ್ತಾರು ಹುಳಗಳ ಹಾಗೆ ಕಾಣುತ್ತದೆ. ಪ್ಯಾರಾಶೂಟ್ ನಮೂನೆಯಲ್ಲಿ ಮೇಲೆ ಬಿಳಿ ಕುಚ್ಚು ಇರುತ್ತದೆ. ಅದು ಮೀನಿಗಲ್ಲ, ನಿಮ್ಮ ಕಣ್ಣಿಗೆ.

ಏನೂ ಏಳುತ್ತಿಲ್ಲ, ನೀರು ಮೂರಡಿಯ ಒಳಗಿದೆ ಅಂತಾದರೆ ಎರಡನ್ನೂ ಕಟ್ಟಿ. ಮೇಲೆ ಚೆನ್ನಾಗಿ ತೇಲುವ 10 ಅಥವಾ 12ರ ಸ್ಟಿಮ್ಯುಲೇಟರ್. ಅದರ ಕೊಕ್ಕೆಯ ಬಾಗಿಗೆ ಒಂದೂವರೆ ಎರಡಡಿ ಟಿಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಗಂಟು ಹಾಕಿ, ತುದಿಗೆ ಮಣಿ ಇರುವ 16ರ ನಿಂಫ್. ಮೇಲಿನದು ಮುಳುಗಿದರೆ ಎಳೆಯಿರಿ. ಬಂಡೆಗಳ ನಡುವಿನ ಸಣ್ಣ ಸಣ್ಣ ಗುಂಡಿಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ತಿಂಗಳು ನೋಡಿ ಆಯ್ಕೆ

ಮಾರ್ಚ್, ಏಪ್ರಿಲ್ ಮೊದಲ ವಾರಗಳಲ್ಲಿ ನೀರು ಕಡಿಮೆ, ತಿಳಿ, ಕೊರೆಯುವಷ್ಟು ತಣ್ಣಗೆ. ಬೆಳಗ್ಗೆ ಆರಕ್ಕೆ ಎದ್ದು ಓಡಬೇಕಿಲ್ಲ. ಬಿಸಿಲು ನೀರಿಗೆ ಬೀಳುವ ಹತ್ತೂವರೆ ಹನ್ನೊಂದಕ್ಕೆ ಶುರು ಮಾಡಿ, ಮೂರಕ್ಕೆ ಮುಗಿಸಿ. ನಿಧಾನ ಸೆಳವಿನ ಆಳದ ಮಡುಗಳಲ್ಲಿ 16, 18ರ ಫೆಸೆಂಟ್ ಟೇಲ್ ಅಥವಾ ಝೀಬ್ರಾ ಮಿಡ್ಜ್ ಎಂಬ ಪುಟಾಣಿ ಫ್ಲೈ ತಳದಲ್ಲಿ ಹೋಗಲಿ. ಮೋಡ ಮುಚ್ಚಿದ ಮಧ್ಯಾಹ್ನ ಸಣ್ಣ ಮೇಫ್ಲೈಗಳು ಏಳಬಹುದು. ಆಗ 18ರ ಆಡಮ್ಸ್.

ಮೇ, ಜೂನ್‌ನಲ್ಲಿ ಲೆಕ್ಕವೇ ಬೇರೆ. ಮೇಲೆ ಹಿಮ ಕರಗುತ್ತದೆ. ಬಿಸಿಲು ಏರಿದ ಹಾಗೆ ಕರಗುವುದು ಜಾಸ್ತಿಯಾಗಿ, ಮಧ್ಯಾಹ್ನದ ಮೇಲೆ ನೀರು ಏರುತ್ತದೆ, ಹಾಲು ಬೆರೆತ ಹಸಿರು ಬಣ್ಣಕ್ಕೆ ತಿರುಗುತ್ತದೆ. ಒಂದೇ ದಿನದಲ್ಲಿ ಎರಡು ಹೊಳೆ ನೋಡಿದ ಹಾಗೆ. ಬೆಳಗ್ಗೆ ನೀರು ಇಳಿದಿರುವಾಗ ಮಾಮೂಲಿ ಫ್ಲೈಗಳು ನಡೆಯುತ್ತವೆ. ಏರಿದ ಮೇಲೆ ನಡು ಹೊಳೆಯನ್ನು ಮರೆತುಬಿಡಿ. ಮೀನು ದಡಕ್ಕೆ, ಬಂಡೆಯ ಹಿಂದಕ್ಕೆ ಸರಿದಿರುತ್ತದೆ. ಅಲ್ಲಿಗೆ 8 ಅಥವಾ 10ರ ಕಪ್ಪು ಸ್ಟೋನ್‌ಫ್ಲೈ ನಿಂಫ್ ಹಾಕಿ, ಒಳ್ಳೆ ಭಾರದ್ದು. ಮಸುಕು ನೀರಿನಲ್ಲಿ ಸಣ್ಣ ಫ್ಲೈ ಮೀನಿಗೆ ಕಾಣುವುದೇ ಇಲ್ಲ. ಟಿಪೆಟ್ ಕೂಡ ದಪ್ಪಗಿರಲಿ, ನೀರು ಅದನ್ನು ಮುಚ್ಚಿಡುತ್ತದೆ.

ಬಗ್ಗಡ ನೀರಿಗೆ ಹೊಳೆಯುವ ಬಣ್ಣ ಬೇಕು ಅಂತ ಬಹಳ ಜನ ಹೇಳುತ್ತಾರೆ. ನನ್ನ ಓಟು ಕಪ್ಪಿಗೆ. ಕೆಳಗಿನಿಂದ ನೋಡುವ ಮೀನಿಗೆ ಮೇಲಿನ ಬೆಳಕಿನ ಎದುರು ಗಾಢ ಆಕಾರ ಎದ್ದು ಕಾಣುತ್ತದೆ. ವೂಲಿ ಬಗ್ಗರ್ ಎಂಬ ಸ್ಟ್ರೀಮರ್, ಕಪ್ಪು, 8ರದ್ದು, ಇಂಥ ದಿನಗಳಿಗೆಂದೇ ಇರುವುದು. ಅದರ ಬಾಲದ ಮರಬು ಗರಿ ನಿಂತಲ್ಲೇ ಅಲುಗುತ್ತದೆ. ಸೆಳವಿಗೆ ಅಡ್ಡಲಾಗಿ ಹಾಕಿ, ಕೆಳಗೆ ತೂಗಿ ಬರಲು ಬಿಟ್ಟು, ಗೇಣುದ್ದ ಗೇಣುದ್ದ ಎಳೆಯಿರಿ.

ಜುಲೈ, ಆಗಸ್ಟ್ ಮಳೆಯಲ್ಲಿ ಫ್ಲೈ ಆಯ್ಕೆಯ ಮಾತೇ ಬೇಡ. 2023ರ ಜುಲೈನಲ್ಲಿ ಕುಲ್ಲು ಕಡೆ ಹೊಳೆಗಳು ರಸ್ತೆ, ಸೇತುವೆ, ಮನೆಗಳನ್ನೇ ಎಳೆದುಕೊಂಡು ಹೋದವು. ಮೇಲೆಲ್ಲೋ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ಎಲೆ, ಕಡ್ಡಿ ತೇಲಿ ಬರಲು ಶುರುವಾದರೆ, ನೀರಿನ ಬಣ್ಣ ಬದಲಾದರೆ, ಇರುವುದನ್ನು ಬಿಟ್ಟು ದಡ ಹತ್ತಿ.

ಸೆಪ್ಟೆಂಬರ್, ಅಕ್ಟೋಬರ್ ನನಗೆ ಇಷ್ಟದ ಕಾಲ, ಕಷ್ಟದ ಕಾಲವೂ ಹೌದು. ನೀರು ಇಳಿದು ಗಾಜಿನಂತೆ ತಿಳಿಯಾಗುತ್ತದೆ. ನೀವು ಮೀನನ್ನು ಕಂಡಷ್ಟೇ ಸುಲಭವಾಗಿ ಅದು ನಿಮ್ಮನ್ನು ಕಾಣುತ್ತದೆ. ಬಗ್ಗಿ ನಡೆಯಿರಿ, ಕೆಳಗಿನಿಂದ ಮೇಲಕ್ಕೆ ಹೋಗಿ. ಲೀಡರ್ (ದಪ್ಪ ಲೈನಿನಿಂದ ಫ್ಲೈ ಕಡೆಗೆ ಹೋಗುವ ಸಪೂರ ದಾರ) ಹನ್ನೆರಡು ಅಡಿ ಇರಲಿ. ದಡದ ಹುಲ್ಲಿನಲ್ಲಿ ಮಿಡತೆ ಜಾಸ್ತಿ ಇರುವ ಹೊತ್ತು, ಗಾಳಿ ಬೀಸಿದರೆ ಉದುರುತ್ತವೆ. ಮಧ್ಯಾಹ್ನದ ಗಾಳಿಗೆ 12ರ ಮಿಡತೆ ಫ್ಲೈಯನ್ನು ದಡಕ್ಕೆ ಅಂಟಿದ ಹಾಗೆ ಬೀಳಿಸಿ. ಇಲ್ಲಿ ಮೆತ್ತಗೆ ಬೀಳಬೇಕಿಲ್ಲ, ಪಟ್ ಅಂತ ಬಿದ್ದರೇ ಒಳ್ಳೆಯದು. ಗಾಳಿ ಇಲ್ಲದಿದ್ದರೆ 16ರ ಕಪ್ಪು ಇರುವೆ. ಅದನ್ನು ಬೇಡ ಅನ್ನುವ ಟ್ರೌಟ್ ಅಪರೂಪ. ಅಕ್ಟೋಬರ್ ಕೊನೆಗೆ ಬ್ರೌನ್ ಟ್ರೌಟ್ ಮೊಟ್ಟೆ ಇಡಲು ಜಾಗ ಮಾಡತೊಡಗುತ್ತದೆ. ಸಣ್ಣ ಜಲ್ಲಿಯ ಮೇಲೆ ಪಾಚಿ ಉಜ್ಜಿಹೋಗಿ ಬೆಳ್ಳಗೆ ಕಾಣುವ ತಟ್ಟೆಯಂಥ ಗುಳಿ ಕಂಡರೆ ಅಲ್ಲಿ ಕಾಲಿಡಬೇಡಿ, ಅದರ ಮೇಲೆ ನಿಂತ ಮೀನಿನ ಜೋಡಿಗೆ ಫ್ಲೈ ಹಾಕಲೂ ಬೇಡಿ.

ಟಿಪೆಟ್ ಲೆಕ್ಕ

ಸರಿಯಾದ ಫ್ಲೈ ತಪ್ಪು ಟಿಪೆಟ್‌ನಲ್ಲಿ ಕೆಟ್ಟು ಹೋಗುತ್ತದೆ. ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿ, ಬಂದದ್ದು ಎಕ್ಸ್, ಅಂದರೆ ಟಿಪೆಟ್‌ನ ನಂಬರು. 12ರ ಫ್ಲೈಗೆ 4ಎಕ್ಸ್, 16ಕ್ಕೆ 5ಎಕ್ಸ್, 18ಕ್ಕೆ 6ಎಕ್ಸ್. ದಪ್ಪ ಎಷ್ಟು ಅಂತ ಬೇಕಾದರೆ 11ರಿಂದ ಎಕ್ಸ್ ಕಳೆಯಿರಿ. 5ಎಕ್ಸ್ ಅಂದರೆ ಆರು, ಅಂದರೆ ಇಂಚಿನ ಸಾವಿರದಲ್ಲಿ ಆರು ಭಾಗ. ಇದು ಬರೀ ಅಂದಾಜು. ತಿಳಿ ನೀರಿಗೆ ಒಂದು ಮೆಟ್ಟಿಲು ತೆಳು, ಮಸುಕು ನೀರಿಗೆ ಒಂದು ಮೆಟ್ಟಿಲು ದಪ್ಪ. ಡ್ರೈ ಫ್ಲೈ ಹಾಕಿದಾಗ ಟಿಪೆಟ್ ಸುರುಳಿ ಸುತ್ತಿಕೊಂಡರೆ ಅದು ಆ ಫ್ಲೈಗೆ ತೀರಾ ತೆಳು.

ಡಬ್ಬಿಯಲ್ಲಿ ಏನಿರಬೇಕು

ಫೆಸೆಂಟ್ ಟೇಲ್ 14ರಿಂದ 18, ಮಣಿ ಇದ್ದದ್ದೂ ಇಲ್ಲದ್ದೂ. ಹೇರ್ಸ್ ಇಯರ್ 12, 14. ಕಪ್ಪು ಸ್ಟೋನ್‌ಫ್ಲೈ ನಿಂಫ್ 8, 10. ಝೀಬ್ರಾ ಮಿಡ್ಜ್ 18. ಪ್ಯಾರಾಶೂಟ್ ಆಡಮ್ಸ್ 14ರಿಂದ 18. ಎಲ್ಕ್ ಹೇರ್ ಕ್ಯಾಡಿಸ್ 14, 16. ಸ್ಟಿಮ್ಯುಲೇಟರ್ 10, 12. ಮಿಡತೆ 12, ಇರುವೆ 16. ವೂಲಿ ಬಗ್ಗರ್ ಕಪ್ಪು, ಆಲಿವ್ 8. ನಿಂಫ್‌ಗಳು ನಾಲ್ಕೈದು ಹೆಚ್ಚೇ ಇರಲಿ, ಕಲ್ಲು ತಿನ್ನುವುದು ಅವನ್ನೇ.

ಕೊಳ್ಳುವಾಗ ಹೆಬ್ಬೆರಳಿನಿಂದ ಕೊಕ್ಕೆಯನ್ನು ಮೆಲ್ಲಗೆ ಅಗಲಿಸಿ ನೋಡಿ. ಸುಲಭವಾಗಿ ಬಾಗಿ ಹಾಗೇ ಉಳಿದರೆ ಬೇಡ. ದಾರ ಪೋಣಿಸುವ ಕೊಕ್ಕೆಯ ತೂತಿಗೆ ಅಂಟು ಮುಚ್ಚಿಕೊಂಡಿಲ್ಲ ಅಂತ ನೋಡಿ. ಅಗ್ಗದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಕೈಕೊಡುವುದು ಇವೆರಡೇ. ಕೊಕ್ಕೆಯ ತುದಿಯ ಹಿಂದಿರುವ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಮೀನು ಬಿಡುವುದು ಸುಲಭ, ನಿಮ್ಮ ಕಿವಿಗೆ ಚುಚ್ಚಿದರೆ ತೆಗೆಯುವುದೂ ಸುಲಭ.

ಮಹಶೀರ್ ಎಂಬ ದೊಡ್ಡ ಮೀನಿನ ಆಸೆ ಇರುವವರಿಗೆ ಈ ಡಬ್ಬಿ ಸಾಲದು. ಅದಕ್ಕೆ ದಪ್ಪ ತಂತಿಯ ಕೊಕ್ಕೆ, 2ರಿಂದ 6ರ ಸ್ಟ್ರೀಮರ್, 8 ವೆಯ್ಟ್‌ನ ಗಟ್ಟಿ ರಾಡ್ ಬೇಕು. ನಮ್ಮ ಭೀಮೇಶ್ವರಿ, ಗಾಳಿಬೋರೆಯ ಹಳೆಯ ಕಥೆ ಕೇಳಿ ಕಾವೇರಿಗೆ ಹೊರಡಬೇಡಿ. ಅದು ವನ್ಯಜೀವಿ ಧಾಮ, ಅಲ್ಲಿ ಗಾಳ ಹಾಕುವುದು ನಿಂತು ವರ್ಷಗಳೇ ಆದವು. ಅಲ್ಲಿನ ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ. ಅಮೆರಿಕದ ಕೊಲೊರಾಡೋ ಕಡೆ ಇರುವ ನಮ್ಮವರಿಗೂ ಒಂದು ಮಾತು. ಅಲ್ಲಿ ಅಣೆಕಟ್ಟಿನ ಕೆಳಗಿನ ಹೊಳೆಗಳಲ್ಲಿ ನೀರು ವರ್ಷವಿಡೀ ತಣ್ಣಗೆ, ಹುಳ ಪುಟಾಣಿ, ಮೀನು ಚಾಲಾಕಿ. ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕ್ಯಾನ್ಯನ್‌ನಂಥ ಕಡೆ 20, 22ರ ಮಿಡ್ಜ್ ಇಲ್ಲದೆ ಹೋದರೆ ಬರಿಗೈಯೇ.

ಡ್ರೈ ಫ್ಲೈಗೆ ತೇಲಿಸುವ ಜೆಲ್ಲನ್ನು ನೀರಿಗೆ ಹಾಕುವ ಮೊದಲೇ ಹಚ್ಚಿ, ಒಂದೇ ಹನಿ, ಬೆರಳಲ್ಲಿ ಉಜ್ಜಿ. ಮೀನು ಹಿಡಿದ ಫ್ಲೈಯನ್ನು ಲೋಳೆ ಹೋಗುವ ಹಾಗೆ ತೊಳೆದು, ಅಂಗಿಗೆ ಒತ್ತಿ ಒಣಗಿಸಿ ಮತ್ತೆ ಹಚ್ಚಿ. ರಾತ್ರಿ ರೂಮಿಗೆ ಬಂದ ಮೇಲೆ ಡಬ್ಬಿಯ ಮುಚ್ಚಳ ತೆರೆದಿಡಿ. ಒಂದು ಒದ್ದೆ ಫ್ಲೈ ಒಳಗಿದ್ದರೂ ಪಕ್ಕದ ಕೊಕ್ಕೆಗಳಿಗೂ ತುಕ್ಕು ಹಿಡಿಯುತ್ತದೆ.